ಎರರ್ ತೋರಿಸದ ತಪ್ಪುಗಳು: ನಕ್ಷೆಗಾಗಿ ಕೋಡ್ ಕಲಿಯುವವರಿಗೆ

(ಭೂಗೋಳ ಮತ್ತು ಅರ್ಥಶಾಸ್ತ್ರದ ಪದವಿ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳನ್ನು ಓದಿಗೆ ಒಗ್ಗುವಂತೆ ತುಸು ತಿದ್ದಿದ್ದೇನೆ. ಕೊನೆಯಲ್ಲಿ ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಹಾಗೇ ಉಳಿಸಿಕೊಂಡಿದ್ದೇನೆ.)

ಬೆಂಗಳೂರು ಎಲ್ಲಿದೆ? 12.97 ಡಿಗ್ರಿ ಉತ್ತರ ಅಕ್ಷಾಂಶ, 77.59 ಡಿಗ್ರಿ ಪೂರ್ವ ರೇಖಾಂಶ. ಈ ಎರಡು ಅಂಕಿಗಳನ್ನು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಗೆ ಕೊಡುವಾಗ ಹಿಂದುಮುಂದು ಮಾಡಿ ನೋಡಿ. ನಿಮ್ಮ ಬೆಂಗಳೂರು ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳ ಪಶ್ಚಿಮಕ್ಕೆ, ಆರ್ಕ್ಟಿಕ್ ಕಡಲಿನ ತಣ್ಣೀರಿಗೆ ಹೋಗಿ ಬಿದ್ದಿರುತ್ತದೆ. ಕಂಪ್ಯೂಟರ್ ತುಟಿ ಪಿಟಕ್ ಅನ್ನುವುದಿಲ್ಲ. ಅದರ ಲೆಕ್ಕಕ್ಕೆ ಅದೂ ಒಂದು ಜಾಗ, ಇದೂ ಒಂದು ಜಾಗ.

ಇದು ಅಪರೂಪದ ಎಡವಟ್ಟೇನಲ್ಲ. ಗೂಗಲ್ ಮ್ಯಾಪ್ಸ್‌ನಿಂದ ಒಂದು ಜಾಗವನ್ನು ಕಾಪಿ ಮಾಡಿದರೆ ಅಕ್ಷಾಂಶ ಮೊದಲು ಬರುತ್ತದೆ. ನಕ್ಷೆಯ ದತ್ತಾಂಶ ಇಡುವ ಜಿಯೋಜೇಸನ್ ಕಡತದಲ್ಲಿ ರೇಖಾಂಶ ಮೊದಲು. ವೆಬ್ ನಕ್ಷೆಗೆ ಬಳಸುವ ಲೀಫ್‌ಲೆಟ್‌ನಲ್ಲಿ ಮತ್ತೆ ಅಕ್ಷಾಂಶ ಮೊದಲು. ಒಂದೇ ಮಧ್ಯಾಹ್ನದ ಕೆಲಸದಲ್ಲಿ ಮೂರನ್ನೂ ಬಳಸುತ್ತೀರಿ.

ನಕ್ಷೆಗಾಗಿ ಕೋಡ್ ಕಲಿಯಲು ಹೊರಟವರಿಗೆ ನಾನು ಮೊದಲು ಹೇಳುವುದು ಇದನ್ನೇ. ಮಾಮೂಲಿ ಪ್ರೋಗ್ರಾಮಿಂಗ್‌ನಲ್ಲಿ ಬ್ರ್ಯಾಕೆಟ್ ಮರೆತರೆ ಕೆಂಪಕ್ಷರದಲ್ಲಿ ಎರರ್ ಬರುತ್ತದೆ, ಎಷ್ಟನೇ ಸಾಲಿನಲ್ಲಿ ಅಂತಲೂ ತೋರಿಸುತ್ತದೆ. ನಕ್ಷೆಯ ಕೆಲಸದಲ್ಲಿ ದೊಡ್ಡ ದೊಡ್ಡ ತಪ್ಪುಗಳಿಗೇ ಎರರ್ ಇಲ್ಲ. ಕೋಡ್ ಸಲೀಸಾಗಿ ಓಡುತ್ತದೆ, ಬಣ್ಣಬಣ್ಣದ ನಕ್ಷೆ ಬರುತ್ತದೆ, ನೀವು ಅದನ್ನು ವರದಿಗೆ ಅಂಟಿಸಿ ಕಳಿಸಿಯೂ ಬಿಡುತ್ತೀರಿ. ಆದ್ದರಿಂದ ಸಿಂಟ್ಯಾಕ್ಸ್‌ಗೆ, ಅಂದರೆ ಕೋಡ್‌ನ ವ್ಯಾಕರಣಕ್ಕೆ, ಕೊಡುವ ಹೊತ್ತಿಗಿಂತ ಹೆಚ್ಚು ಹೊತ್ತನ್ನು, ಬಂದ ಉತ್ತರವನ್ನು ಅನುಮಾನಿಸುವುದು ಹೇಗೆ ಎಂದು ಕಲಿಯಲು ಕೊಡಿ. ಅದಕ್ಕೆ ಬೇಕಾದ ಬಂಡವಾಳ ನಿಮ್ಮ ಹತ್ತಿರ ಆಗಲೇ ಇದೆ. ನಿಮ್ಮ ಊರು, ತಾಲ್ಲೂಕು, ಕೆರೆ ನಿಮಗೆ ಗೊತ್ತು; ಕಂಪ್ಯೂಟರಿಗೆ ಗೊತ್ತಿಲ್ಲ.

ಮೌಸ್ ಹಿಡಿದು ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ಎಲ್ಲವನ್ನೂ ಮಾಡಬಹುದಲ್ಲ, ಕೋಡ್ ಯಾಕೆ ಎಂದು ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. 2002ರಲ್ಲಿ ಗ್ಯಾರಿ ಶೆರ್ಮನ್ ಶುರುಮಾಡಿದ ಈ ತಂತ್ರಾಂಶ ಇವತ್ತು ಪುಕ್ಕಟೆಯಾಗಿ ಸಿಗುವ ಒಳ್ಳೆಯ ಸಾಧನಗಳಲ್ಲಿ ಒಂದು. ಒಂದು ತಾಲ್ಲೂಕಿನ ಒಂದು ನಕ್ಷೆ ಬೇಕಾದರೆ ಮೌಸ್ ಸಾಕು. ಕರ್ನಾಟಕದ 29 ಸಾವಿರಕ್ಕೂ ಹೆಚ್ಚು ಹಳ್ಳಿಗಳಿಗೆ ಒಂದೊಂದಕ್ಕೂ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಎಷ್ಟು ದೂರ ಎಂದು ನೋಡಬೇಕಾದಾಗ ಅದರ ಮಿತಿ ಗೊತ್ತಾಗುತ್ತದೆ. ಆದರೆ ವೇಗವೇ ಮುಖ್ಯ ಕಾರಣ ಎಂದು ನಾನು ಹೇಳಲಾರೆ. ಮೌಸ್ ಒತ್ತಿದ್ದಕ್ಕೆ ದಾಖಲೆ ಉಳಿಯುವುದಿಲ್ಲ. ಆರು ತಿಂಗಳ ನಂತರ ಗೈಡ್ ಬಂದು “ಈ 5 ಕಿಲೋಮೀಟರ್ ವೃತ್ತ ಹೇಗೆ ಎಳೆದೆ?” ಎಂದರೆ ತಲೆ ಕೆರೆದುಕೊಳ್ಳಬೇಕು. ಕೋಡ್ ಇದ್ದರೆ ಸಾಲು ತೋರಿಸಬಹುದು. ತಪ್ಪಿದ್ದರೆ ಆ ಸಾಲಿನಲ್ಲಿ ಸಿಕ್ಕಿಬೀಳುತ್ತದೆ. ಸಿಕ್ಕಿಬೀಳುವ ಅವಕಾಶ ಇರಬೇಕು, ಅದಕ್ಕೇ ಕೋಡ್.

ಮೌಸ್‌ನಿಂದ ಕೋಡ್‌ಗೆ ದಾಟಲು ಒಂದು ಸುಲಭದ ದಾರಿ ಇದೆ, ತುಂಬ ಜನ ಅದನ್ನು ಗಮನಿಸಿರುವುದಿಲ್ಲ. ಕ್ಯೂಜಿಐಎಸ್‌ನ ಪ್ರೊಸೆಸಿಂಗ್ ಟೂಲ್‌ಬಾಕ್ಸ್‌ಗೆ ಒಂದು ಹಿಸ್ಟರಿ ಕಿಟಕಿ ಉಂಟು. ನೀವು ಮೌಸ್‌ನಲ್ಲಿ ಮಾಡಿದ ಬಫರ್ (ಒಂದು ಜಾಗದ ಸುತ್ತ ಇಷ್ಟು ದೂರ ಎಂದು ಎಳೆಯುವ ವಲಯ), ಕ್ಲಿಪ್ (ಬೇಕಾದ ಭಾಗವನ್ನಷ್ಟೇ ಕತ್ತರಿಸುವುದು), ಎಲ್ಲವೂ ಅಲ್ಲಿ ಪೈಥಾನ್ ಆಜ್ಞೆಯ ರೂಪದಲ್ಲಿ ಸಿಗುತ್ತದೆ. ಕಾಪಿ ಮಾಡಿ ಪೈಥಾನ್ ಕನ್ಸೋಲ್‌ಗೆ ಹಾಕಿ, ಬಫರ್‌ನ ದೂರ 500 ಇದ್ದದ್ದನ್ನು 1000 ಮಾಡಿ, ಓಡಿಸಿ. ನೀವಾಗಲೇ ಪ್ರೋಗ್ರಾಂ ಬರೆದಾಯಿತು. ಆಮೇಲೆ ಜಿಯೋಪಾಂಡಾಸ್ ಎಂಬ ಪೈಥಾನ್ ಲೈಬ್ರರಿಗೆ (ನಕ್ಷೆ ಕೆಲಸದ ಸಿದ್ಧ ಕೋಡ್‌ಗಳ ಸಂಗ್ರಹ) ಬನ್ನಿ. ಅದರ ಕೆಳಗಡೆ ಕಡತಗಳನ್ನು ಓದಿ ಬರೆಯುವ ಕೆಲಸ ಮಾಡುವುದು 1998ರಲ್ಲಿ ಫ್ರಾಂಕ್ ವಾರ್ಮರ್‌ಡ್ಯಾಮ್ ಆರಂಭಿಸಿದ ಜಿಡಾಲ್. ಪೈಥಾನ್ ಬೇಕೋ ಆರ್ (R) ಎಂಬ ಭಾಷೆ ಬೇಕೋ ಎಂಬ ಜಗಳಕ್ಕೆ ನಾನು ಇಳಿಯುವುದಿಲ್ಲ. ನಿಮ್ಮ ವಿಭಾಗದಲ್ಲಿ ಪಕ್ಕದಲ್ಲಿ ಕೂತವರಿಗೆ ಯಾವುದು ಬರುತ್ತದೋ ಅದನ್ನೇ ಕಲಿಯಿರಿ, ಸಿಕ್ಕಿಕೊಂಡಾಗ ಕೇಳಲು ಒಬ್ಬರು ಇರುತ್ತಾರೆ.

ಈಗ ಅಳತೆಯ ವಿಷಯಕ್ಕೆ ಬರೋಣ. ಕರ್ನಾಟಕದ ವಿಸ್ತೀರ್ಣ ಎಷ್ಟು? (ಸಭೆಯಿಂದ ಉತ್ತರ ಬಂತು.) ಹೌದು, 1,91,791 ಚದರ ಕಿಲೋಮೀಟರ್. ಶಾಲೆಯಲ್ಲಿ ಬಾಯಿಪಾಠ ಮಾಡಿದ ಈ ಅಂಕಿ ಯಾವತ್ತಾದರೂ ಉಪಯೋಗಕ್ಕೆ ಬರುತ್ತದೆ ಎಂದು ಅಂದುಕೊಂಡಿರಲಿಲ್ಲ ಅಲ್ಲವೇ? ರಾಜ್ಯದ ಗಡಿಯ ಕಡತವನ್ನು ಜಿಯೋಪಾಂಡಾಸ್‌ಗೆ ಓದಿಸಿ ಏರಿಯಾ ಕೇಳಿ. ಕಡತ ಅಕ್ಷಾಂಶ ರೇಖಾಂಶದಲ್ಲಿದ್ದರೆ ಸುಮಾರು 16 ಎಂದು ಬರುತ್ತದೆ. 16 ಏನು? ಚದರ ಡಿಗ್ರಿ. ಅದಕ್ಕೆ ಅರ್ಥವೇ ಇಲ್ಲ, ಯಾಕೆಂದರೆ ಬೆಂಗಳೂರಿನಲ್ಲಿ ಒಂದು ಡಿಗ್ರಿ ರೇಖಾಂಶ ಎಂದರೆ ಸುಮಾರು 108 ಕಿಲೋಮೀಟರ್, ಉತ್ತರಕ್ಕೆ ಹೋದಂತೆಲ್ಲ ಅದು ಕಿರಿದಾಗುತ್ತದೆ. ಪುಣ್ಯಕ್ಕೆ ಇಲ್ಲಿ ಜಿಯೋಪಾಂಡಾಸ್ ಒಂದು ಎಚ್ಚರಿಕೆ ಕೊಡುತ್ತದೆ.

ಎಚ್ಚರಿಕೆ ನೋಡಿದ ವಿದ್ಯಾರ್ಥಿ ಏನು ಮಾಡುತ್ತಾನೆ? ಇಂಟರ್ನೆಟ್ಟಿನಲ್ಲಿ ಹುಡುಕಿ, ಮೊದಲು ಸಿಕ್ಕ ಉತ್ತರದಂತೆ ಇಪಿಎಸ್‌ಜಿ 3857 ಎಂಬ ಸಂಖ್ಯೆಯ ನಿರ್ದೇಶಾಂಕ ಪದ್ಧತಿಗೆ ಪರಿವರ್ತಿಸುತ್ತಾನೆ. ಎಚ್ಚರಿಕೆ ಹೋಯಿತು, ಉತ್ತರ ಚದರ ಮೀಟರಿನಲ್ಲಿ ಬಂತು, ಸಮಾಧಾನ. ಆದರೆ 3857 ಎಂದರೆ ವೆಬ್ ಮರ್ಕೇಟರ್. ಪರದೆಯ ಮೇಲೆ ನಕ್ಷೆ ತೋರಿಸಲು ಮಾಡಿದ್ದು, ಅಳತೆಗಲ್ಲ. ಸಮಭಾಜಕದಿಂದ ದೂರ ಹೋದಂತೆ ನೆಲವನ್ನು ಹಿಗ್ಗಿಸುತ್ತದೆ. ಬೆಂಗಳೂರಿನಲ್ಲಿ ವಿಸ್ತೀರ್ಣ ಶೇಕಡಾ 5-6ರಷ್ಟು ಹೆಚ್ಚು ಬರುತ್ತದೆ, ಬೀದರ್‌ನಲ್ಲಿ ಶೇಕಡಾ 10-11ರಷ್ಟು. ಇಡೀ ರಾಜ್ಯ ಎರಡು ಲಕ್ಷ ಚದರ ಕಿಲೋಮೀಟರ್ ದಾಟಿಬಿಡುತ್ತದೆ. ಹೆಚ್ಚುಕಡಿಮೆ ಇನ್ನೊಂದು ಬೆಳಗಾವಿ ಜಿಲ್ಲೆಯಷ್ಟು ನೆಲ ಎಲ್ಲಿಂದಲೋ ಬಂದು ಸೇರಿಕೊಂಡಿರುತ್ತದೆ, ಒಂದು ಎರರ್ ಕೂಡ ಇಲ್ಲದೆ. ಬಾಯಿಪಾಠದ 1,91,791 ನೆನಪಿದ್ದರೆ ಮಾತ್ರ ಹಿಡಿಯುತ್ತೀರಿ.

ಮೆಟ್ರೋ ನಿಲ್ದಾಣದ ಸುತ್ತ 500 ಮೀಟರ್ ಬಫರ್ ಎಳೆಯುವವರಿಗೂ ಇದೇ ಮಾತು. 3857ರಲ್ಲಿ ಎಳೆದರೆ ಬೆಂಗಳೂರಿನಲ್ಲಿ ಅದು ನಿಜವಾಗಿ ಸುಮಾರು 485 ಮೀಟರ್. ಇನ್ನು ಆ ವೃತ್ತದೊಳಗಿನವರೆಲ್ಲ ನಡೆದು ಬರಬಲ್ಲರು ಎಂದು ಬರೆಯುವುದು ಬೇರೆಯೇ ಒಂದು ತಪ್ಪು. ನಡುವೆ ರೈಲು ಹಳಿ, ರಾಜಕಾಲುವೆ, ಅಪಾರ್ಟ್‌ಮೆಂಟ್‌ಗಳ ಉದ್ದ ಕಾಂಪೌಂಡು ಇರುತ್ತವೆ. ಕಾಗೆಗೆ 500 ಮೀಟರ್ ಇದ್ದದ್ದು ಮನುಷ್ಯರಿಗೆ ಒಂದೂವರೆ ಕಿಲೋಮೀಟರ್ ಆಗಬಹುದು. ಓಎಸ್‌ಎಂಎನ್‌ಎಕ್ಸ್ ಎಂಬ ಪೈಥಾನ್ ಲೈಬ್ರರಿ ಜನರೇ ಸೇರಿ ಬರೆಯುವ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ನಕ್ಷೆಯ ರಸ್ತೆಗಳನ್ನು ತಂದು ದಾರಿಯ ಮೇಲಿನ ದೂರ ಲೆಕ್ಕ ಹಾಕುತ್ತದೆ. ಆದರೆ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಯಾರೂ ಗುರುತಿಸದ ಕಾಲುದಾರಿ ಅದಕ್ಕೂ ಕಾಣುವುದಿಲ್ಲ.

ಅಳತೆಗೆ ಏನು ಬಳಸಬೇಕು? ಯುಟಿಎಂ ಎಂಬುದು ಭೂಮಿಯನ್ನು 6 ಡಿಗ್ರಿ ಅಗಲದ ವಲಯಗಳಾಗಿ ಹಂಚಿ ಮೀಟರಿನಲ್ಲಿ ಅಳೆಯುವ ಪದ್ಧತಿ. ನಮ್ಮ ರಾಜ್ಯಕ್ಕೆ ಅದರ ವಲಯ 43 ಉತ್ತರ, ಅಂದರೆ ಇಪಿಎಸ್‌ಜಿ 32643. ಅದು 72ರಿಂದ 78 ಡಿಗ್ರಿ ರೇಖಾಂಶದವರೆಗೆ. ಇಲ್ಲೊಂದು ತಮಾಷೆ ಇದೆ. 78 ಡಿಗ್ರಿ ಗೆರೆ ನಮ್ಮ ರಾಜ್ಯದೊಳಗೇ ಹಾದುಹೋಗುತ್ತದೆ. ಕೋಲಾರ ಪಟ್ಟಣ 78.13ರಲ್ಲಿದೆ, ಮುಳಬಾಗಿಲು, ಕೆಜಿಎಫ್ ಇನ್ನೂ ಪೂರ್ವಕ್ಕೆ. ಹಾಗಾಗಿ ಕೋಲಾರದ ದತ್ತಾಂಶ ಕೆಲವೊಮ್ಮೆ ವಲಯ 44ರಲ್ಲಿ ಬರುತ್ತದೆ. ಜಿಯೋಪಾಂಡಾಸ್‌ನಲ್ಲಿ ಎರಡು ಆಜ್ಞೆಗಳಿವೆ: ಸೆಟ್ ಸಿಆರ್‌ಎಸ್, ಟು ಸಿಆರ್‌ಎಸ್ (ಸಿಆರ್‌ಎಸ್ ಎಂದರೆ ನಿರ್ದೇಶಾಂಕ ಪದ್ಧತಿ). ಮೊದಲನೆಯದು ಚೀಟಿ ಅಂಟಿಸುತ್ತದೆ ಅಷ್ಟೆ, ಅಂಕಿಗಳನ್ನು ಮುಟ್ಟುವುದಿಲ್ಲ. ಎರಡನೆಯದು ನಿಜವಾಗಿ ಪರಿವರ್ತಿಸುತ್ತದೆ. ವಲಯ 44ರ ಅಂಕಿಗಳಿಗೆ 43 ಎಂದು ಚೀಟಿ ಅಂಟಿಸಿದರೆ ಎಲ್ಲವೂ ಸರಿಯಾಗಿ 6 ಡಿಗ್ರಿ ಪಶ್ಚಿಮಕ್ಕೆ ಜಾರುತ್ತದೆ. ಕೋಲಾರ ಹೋಗಿ ಮಂಗಳೂರಿಗೂ ಆಚೆ ಅರಬ್ಬೀ ಸಮುದ್ರದ ನಡುವೆ ಕೂರುತ್ತದೆ. ಸಾವಿರಾರು ಅಡಿ ಬೋರ್‌ವೆಲ್ ಕೊರೆದು ನೀರು ಕಾಣದ ಜಿಲ್ಲೆಗೆ ಈ ಗತಿ. ಪೂರ್ತಿ ರಾಜ್ಯಕ್ಕೆ 43ನ್ನೇ ಇಟ್ಟುಕೊಂಡು, 44ರಲ್ಲಿ ಬಂದದ್ದನ್ನು ಟು ಸಿಆರ್‌ಎಸ್‌ನಿಂದ ಪರಿವರ್ತಿಸಿಕೊಳ್ಳಿ. ಕೋಲಾರದ ಕಡೆ ಕಿಲೋಮೀಟರಿಗೆ ಒಂದು ಮೀಟರ್ ಚಿಲ್ಲರೆ ವ್ಯತ್ಯಾಸ ಬರುತ್ತದೆ, ಬಹುಪಾಲು ಕೆಲಸಕ್ಕೆ ಅದು ಲೆಕ್ಕಕ್ಕಿಲ್ಲ.

ಹಳೆಯ ಸರ್ವೆ ಆಫ್ ಇಂಡಿಯಾ ಹಾಳೆಗಳನ್ನು ಸ್ಕ್ಯಾನ್ ಮಾಡಿ ಬಳಸುವವರು ಇನ್ನೊಂದು ತಿಳಿದಿರಬೇಕು. 1800ರಲ್ಲಿ ಸರ್ವೇಯರ್ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಸರಪಳಿ ಹಿಡಿದು ಬೇಸ್‌ಲೈನ್ (ಸರ್ವೆಯ ಆಧಾರರೇಖೆ) ಅಳೆದ ಕಾಲದಿಂದ ಬೆಳೆದುಬಂದ ಆ ನಕ್ಷೆಗಳು ಎವರೆಸ್ಟ್ ದೀರ್ಘಗೋಳ ಎಂಬ, ಭೂಮಿಯ ಆಕಾರದ ಹಳೆಯ ಗಣಿತ ಮಾದರಿಯನ್ನು ಆಧರಿಸಿವೆ. ನಿಮ್ಮ ಫೋನಿನ ಜಿಪಿಎಸ್ ಡಬ್ಲ್ಯೂಜಿಎಸ್ 84 ಎಂಬ ಬೇರೆ ಮಾದರಿಯ ಆಧಾರದ್ದು. ಎರಡನ್ನೂ ಹಾಗೇ ಒಂದರ ಮೇಲೊಂದು ಇಟ್ಟರೆ ನೂರು ಮೀಟರಿಗೂ ಹೆಚ್ಚು ಸರಿದಿರುತ್ತದೆ. ಕೆರೆ ಒತ್ತುವರಿ ಲೆಕ್ಕ ಹಾಕುವಾಗ ನೂರು ಮೀಟರ್ ಎಂದರೆ ಯಾರದೋ ಮನೆ.

ಇನ್ನು ಹೆಸರುಗಳ ರಗಳೆ. ನಕ್ಷೆಯ ಕೆಲಸದಲ್ಲಿ ಅರ್ಧ ಸಮಯ ಹೋಗುವುದು ಒಂದು ಪಟ್ಟಿಯನ್ನು ಇನ್ನೊಂದಕ್ಕೆ ಜೋಡಿಸುವುದರಲ್ಲಿ. 2011ರ ಜನಗಣತಿಯ ಕೋಷ್ಟಕ ಒಂದು ಕಡೆ, ಜಿಲ್ಲಾ ಗಡಿಯ ಕಡತ ಇನ್ನೊಂದು ಕಡೆ. ಜನಗಣತಿಯಲ್ಲಿ ಗುಲ್ಬರ್ಗ, ಬೆಳ್ಳಾರಿ, ಬಿಜಾಪುರ. 2014ರ ನವೆಂಬರ್ ನಂತರದ ಕಡತದಲ್ಲಿ ಕಲಬುರಗಿ, ಬಳ್ಳಾರಿ, ವಿಜಯಪುರ. ಹೆಸರಿನ ಮೇಲೆ ಜಾಯಿನ್ ಮಾಡಿದರೆ, ಅಂದರೆ ಹೆಸರು ನೋಡಿ ಜೋಡಿಸಿದರೆ, ಹೊಂದದ ಜಿಲ್ಲೆಗಳು ಖಾಲಿ ಉಳಿಯುತ್ತವೆ, ಹೊಂದಿದ್ದನ್ನು ಮಾತ್ರ ಉಳಿಸುವ ಇನ್ನರ್ ಜಾಯಿನ್ ಆದರಂತೂ ಮಾಯವೇ ಆಗುತ್ತವೆ. ಅದಾದರೂ ಕಣ್ಣಿಗೆ ಕಾಣುತ್ತದೆ, ನಕ್ಷೆಯಲ್ಲಿ ತೂತು ಬೀಳುತ್ತದೆ. ಕಾಣದ್ದು ಇನ್ನೊಂದಿದೆ: ಛತ್ತೀಸಗಢದಲ್ಲೂ ಒಂದು ಬಿಜಾಪುರ ಜಿಲ್ಲೆ ಇದೆ. ಅಖಿಲ ಭಾರತದ ಕೋಷ್ಟಕವನ್ನು ಬರೀ ಜಿಲ್ಲೆಯ ಹೆಸರಿನ ಮೇಲೆ ಜೋಡಿಸಿದರೆ ಗೋಲಗುಮ್ಮಟದ ಊರಿಗೂ ಬಸ್ತರ್ ಕಾಡಿನ ಊರಿಗೂ ಗಂಟು ಬೀಳುತ್ತದೆ. ಕಾಣೆಯಾದ ಸಾಲು ಒಂದೂ ಇಲ್ಲ, ಬದಲಿಗೆ ಹೆಚ್ಚುವರಿ ಸಾಲುಗಳು ಹುಟ್ಟಿರುತ್ತವೆ. ಜೋಡಿಸಿದ ಮೇಲೆ ಕರ್ನಾಟಕದ ಜನಸಂಖ್ಯೆಯನ್ನು ಕೂಡಿಸಿ ನೋಡುವುದು ಅದಕ್ಕೇ. 2011ರ ಮೊತ್ತ 6,10,95,297. ಅದರ ಮೇಲೆ ಒಂದು ತಲೆ ಹೆಚ್ಚಾಗಬಾರದು, ಒಂದು ತಲೆ ಕಡಿಮೆಯಾಗಬಾರದು.

ಹೆಸರು ಸರಿಪಡಿಸಿದರೂ ಗಡಿ ನಿಂತಲ್ಲಿ ನಿಲ್ಲುವುದಿಲ್ಲ. 2011ರಲ್ಲಿ 30 ಜಿಲ್ಲೆ, ಈಗ 31. 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಬೇರೆಯಾಯಿತು. ಹಾಗಾದರೆ ಎರಡನ್ನೂ ಮತ್ತೆ ಒಂದು ಮಾಡಿದರೆ 2011ರ ಬಳ್ಳಾರಿ ಸಿಗಬೇಕಲ್ಲ? ಸಿಗುವುದಿಲ್ಲ. ಇವತ್ತು ವಿಜಯನಗರದಲ್ಲಿರುವ ಹರಪನಹಳ್ಳಿ ತಾಲ್ಲೂಕು 2011ರಲ್ಲಿ ದಾವಣಗೆರೆಗೆ ಸೇರಿತ್ತು. ಈ ಸಂಗತಿ ಯಾವ ಲೈಬ್ರರಿಯಲ್ಲೂ ಇಲ್ಲ, ಹರಪನಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಸಾಲದ್ದಕ್ಕೆ 2025ರಲ್ಲಿ ರಾಮನಗರ ಜಿಲ್ಲೆ ಬೆಂಗಳೂರು ದಕ್ಷಿಣ ಆಯಿತು. ಬೆಂಗಳೂರು ದಕ್ಷಿಣ ಎಂಬ ತಾಲ್ಲೂಕು ಬೆಂಗಳೂರು ನಗರ ಜಿಲ್ಲೆಯಲ್ಲಿ ಮೊದಲಿಂದ ಇದೆ, ಅದೇ ಹೆಸರಿನ ಲೋಕಸಭಾ ಕ್ಷೇತ್ರವೂ ಇದೆ. ಹೆಸರಿನ ಮೇಲೆ ಜಾಯಿನ್ ಮಾಡುವ ಮುಂದಿನ ಪೀಳಿಗೆಗೆ ನನ್ನ ಸಂತಾಪಗಳು. ಪ್ರತಿ ಜಿಲ್ಲೆ, ತಾಲ್ಲೂಕಿಗೂ ಕೊಟ್ಟಿರುವ ಜನಗಣತಿ ಕೋಡ್ ಸಂಖ್ಯೆ ಅಥವಾ ಕೇಂದ್ರ ಸರ್ಕಾರದ ಲೋಕಲ್ ಗವರ್ನಮೆಂಟ್ ಡೈರೆಕ್ಟರಿಯ ಕೋಡ್ ಸಂಖ್ಯೆಯ ಮೇಲೆ ಜೋಡಿಸಿ, ಹೆಸರನ್ನು ಓದುವವರಿಗಾಗಿ ಬಿಡಿ.

ಉಪಗ್ರಹ ಚಿತ್ರಗಳಿಗೆ ಬರೋಣ, ಇದು ನನಗೆ ಇಷ್ಟದ ಭಾಗ. ಯುರೋಪಿನ ಸೆಂಟಿನೆಲ್-2 ಚಿತ್ರಗಳು ಉಚಿತ. ಅದರ ಮುಖ್ಯ ಬ್ಯಾಂಡ್‌ಗಳಲ್ಲಿ (ಒಂದೊಂದು ಬಗೆಯ ಬೆಳಕಿಗೆ ಒಂದೊಂದು ಪದರ) ಒಂದು ಪಿಕ್ಸೆಲ್ 10 ಮೀಟರಿಗೆ 10 ಮೀಟರ್, ನೂರು ಚದರ ಮೀಟರ್. ನಮ್ಮ ಒಂದು ಗುಂಟೆ 101 ಚದರ ಮೀಟರ್ ಚಿಲ್ಲರೆ. ಅಂದರೆ ಒಂದು ಪಿಕ್ಸೆಲ್ ಎಂದರೆ ಹೆಚ್ಚುಕಡಿಮೆ ಒಂದು ಗುಂಟೆ, 40 ಪಿಕ್ಸೆಲ್ ಒಂದು ಎಕರೆ. ಇಷ್ಟು ಗೊತ್ತಾದರೆ ಪಹಣಿ ಓದಬಲ್ಲ ಯಾರೇ ಆದರೂ ಆಕಾಶದಿಂದ ತೆಗೆದ ಚಿತ್ರದ ಲೆಕ್ಕ ಹಾಕಬಹುದು. ಮೂರು ಗುಂಟೆಯ ಒತ್ತುವರಿಯನ್ನು ಸೆಂಟಿನೆಲ್‌ನಲ್ಲಿ ಹಿಡಿಯುತ್ತೇನೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ ಎಂಬುದೂ ಇದರಿಂದಲೇ ಗೊತ್ತಾಗುತ್ತದೆ. ಅಂಚಿನ ಪಿಕ್ಸೆಲ್‌ಗಳಲ್ಲಿ ಅರ್ಧ ನೀರು, ಅರ್ಧ ಮಣ್ಣು ಕಲಸಿಕೊಂಡಿರುತ್ತದೆ.

ನೀರನ್ನು ಗುರುತಿಸಲು ಎನ್‌ಡಿಡಬ್ಲ್ಯುಐ ಎಂಬ ಸರಳ ಸೂತ್ರ ಇದೆ, 1996ರಲ್ಲಿ ಮೆಕ್‌ಫೀಟರ್ಸ್ ಕೊಟ್ಟದ್ದು. ಹಸಿರು ಬೆಳಕಿನ ಪ್ರತಿಫಲನದಿಂದ ಸಮೀಪದ ಅವಕೆಂಪಿನ (ಕೆಂಪಿನಾಚೆಯ, ಕಣ್ಣಿಗೆ ಕಾಣದ ಬೆಳಕು) ಪ್ರತಿಫಲನವನ್ನು ಕಳೆಯಿರಿ, ಎರಡರ ಮೊತ್ತದಿಂದ ಭಾಗಿಸಿ. ನೀರು ಅವಕೆಂಪನ್ನು ನುಂಗುತ್ತದೆ, ಹಾಗಾಗಿ ನೀರಿದ್ದಲ್ಲಿ ಉತ್ತರ ಸೊನ್ನೆಗಿಂತ ಮೇಲೆ. ಗಿಡಮರ ಅವಕೆಂಪನ್ನು ಚಿಮ್ಮಿಸುತ್ತದೆ, ಅಲ್ಲಿ ಸೊನ್ನೆಗಿಂತ ಕೆಳಗೆ. ಉತ್ತರ ಯಾವಾಗಲೂ -1 ಮತ್ತು 1ರ ನಡುವೆ.

ಪೈಥಾನ್‌ನಲ್ಲಿ ಒಂದು ಸಾಲಿನ ಕೆಲಸ. ಓಡಿಸಿ ನೋಡಿದರೆ ಬೆಂಗಳೂರು ಪೂರ್ತಿ ನೀಲಿ! ಯಾಕೆ? ಒಂದೇ ಪಿಕ್ಸೆಲ್ ತೆಗೆದುಕೊಳ್ಳಿ, ಕಬ್ಬನ್ ಪಾರ್ಕಿನ ಮರ ಎಂದಿಟ್ಟುಕೊಳ್ಳಿ. ಹಸಿರು 500, ಅವಕೆಂಪು 2500. ಕಳೆದರೆ -2000 ಬರಬೇಕು. ಆದರೆ ಕಡತದಲ್ಲಿ ಸಂಖ್ಯೆಗಳನ್ನು ಇಟ್ಟಿರುವುದು ಚಿಹ್ನೆಯಿಲ್ಲದ 16 ಬಿಟ್ ಪೂರ್ಣಾಂಕಗಳಾಗಿ. ಅಲ್ಲಿ ಮೈನಸ್ ಎಂಬುದೇ ಇಲ್ಲ. ಸೊನ್ನೆಗಿಂತ ಕೆಳಗಿಳಿದದ್ದು 65,536ರಿಂದ ಹಿಂದಕ್ಕೆ ಎಣಿಸಿಕೊಂಡು 63,536 ಆಗುತ್ತದೆ. 3000ದಿಂದ ಭಾಗಿಸಿದರೆ 21.2. ಸೊನ್ನೆಗಿಂತ ಮೇಲಿದೆಯಲ್ಲ, ನೀರು ಎಂದು ಕೋಡ್ ತೀರ್ಮಾನಿಸಿತು. ಈ ಲೆಕ್ಕ ಮಾಡುವ ಪೈಥಾನ್ ಲೈಬ್ರರಿ ನಂಪೈ ಇದಕ್ಕೆ ಎರರ್ ಕೊಡುವುದಿಲ್ಲ. ಕಳೆಯುವ ಮೊದಲು ಬ್ಯಾಂಡ್‌ಗಳನ್ನು ದಶಮಾಂಶ ಸಂಖ್ಯೆಗಳಾಗಿ ಬದಲಾಯಿಸಿದರೆ ಮುಗಿಯಿತು. ಉತ್ತರದ ಅತಿ ಕಡಿಮೆ ಮತ್ತು ಅತಿ ಹೆಚ್ಚು ಬೆಲೆಯನ್ನು ಮುದ್ರಿಸಿ ನೋಡುವ ಅಭ್ಯಾಸ ಇದ್ದವರು 21.2 ಕಂಡ ಕೂಡಲೇ ನಿಲ್ಲುತ್ತಾರೆ.

ಅದನ್ನು ಸರಿಮಾಡಿ ಬೆಳ್ಳಂದೂರು ಕೆರೆಗೆ ಹೋಗಿ. ಸುಮಾರು 900 ಎಕರೆ, ಅಂದರೆ 36 ಸಾವಿರದಷ್ಟು ಪಿಕ್ಸೆಲ್ ಬರಬೇಕು. ಕೆಲವು ವರ್ಷಗಳ ಚಿತ್ರಗಳಲ್ಲಿ ಅದರ ಹತ್ತಿರಕ್ಕೂ ಬರುವುದಿಲ್ಲ. ಈ ಸಲ ಗಣಿತ ಸರಿಯಾಗಿಯೇ ಇದೆ. ಕೆರೆಯನ್ನು ಅಂತರಗಂಗೆ ಹಾಸಿ ಮುಚ್ಚಿರುತ್ತದೆ, ಉಪಗ್ರಹಕ್ಕೆ ಅದು ಹಸಿರು ಹೊಲದಂತೆ ಕಾಣುತ್ತದೆ. ಹೂಳೆತ್ತಲು ನೀರು ಖಾಲಿ ಮಾಡಿದ ಕಾಲದ ಚಿತ್ರಗಳಲ್ಲಿ ಬರೀ ಮಣ್ಣು. “ಬೆಳ್ಳಂದೂರು ಕೆರೆ ಶೇಕಡಾ ಇಷ್ಟು ಕುಗ್ಗಿದೆ” ಎಂದು ಎನ್‌ಡಿಡಬ್ಲ್ಯುಐ ನಂಬಿ ತಲೆಬರಹ ಬರೆದರೆ, ಕೆರೆಯ ಪಕ್ಕದ ರಸ್ತೆಯಲ್ಲಿ ದಿನಾ ಮೂಗು ಮುಚ್ಚಿಕೊಂಡು ಓಡಾಡುವವರು ನಗುತ್ತಾರೆ. ವರ್ಷಗಳನ್ನು ಹೋಲಿಸುವವರಿಗೆ ಇನ್ನೊಂದು ಗುಂಡಿ ಇದೆ: 2022ರ ಜನವರಿ ಕೊನೆಯಿಂದ ಸೆಂಟಿನೆಲ್-2ರ ಬೆಲೆಗಳಿಗೆ 1000 ಸೇರಿಸಿ ಕೊಡುತ್ತಾರೆ. ಅದನ್ನು ಕಳೆಯದೆ 2021ರ ಜೊತೆ ಇಟ್ಟರೆ ಕೆರೆ ಬದಲಾಗದಿದ್ದರೂ ಸೂಚ್ಯಂಕ ಬದಲಾಗಿರುತ್ತದೆ.

ಮಲೆನಾಡಿನವರಿಗೆ ಒಂದು ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿಮ್ಮ ಮೇಲೆ ಮೋಡ ಬಿಟ್ಟರೆ ಇನ್ನೇನೂ ಕಾಣುವುದಿಲ್ಲ. ಆಗ ಮೋಡದ ಮೂಲಕವೂ ನೋಡಬಲ್ಲ ರೇಡಾರ್ ಹೊತ್ತ ಸೆಂಟಿನೆಲ್-1 ಬೇಕು.

ಕನ್ನಡದಲ್ಲಿ ನಕ್ಷೆ ಮಾಡುವ ವಿಚಾರ. ನಕ್ಷೆ ಕಡತಗಳ ಹಳೆಯ ಶೇಪ್‌ಫೈಲ್ ರೂಪದಲ್ಲಿ ಕಾಲಂ ಹೆಸರಿಗೆ 10 ಬೈಟ್ ಮಾತ್ರ ಜಾಗ. ಯೂನಿಕೋಡ್‌ನ ಯುಟಿಎಫ್-8 ರೂಪದಲ್ಲಿ ಒಂದು ಕನ್ನಡ ಸಂಕೇತಕ್ಕೆ 3 ಬೈಟ್ ಬೇಕು, ಕಾಗುಣಿತ ಚಿಹ್ನೆಗೂ ಸೇರಿ. ಮೂರು ಸಂಕೇತ ಮುಗಿಯುವಷ್ಟರಲ್ಲಿ ಜಾಗ ಖಾಲಿ. ಒಳಗಿನ ಹೆಸರುಗಳು ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿ ಬಂದರೂ ಆಶ್ಚರ್ಯ ಇಲ್ಲ. ಜಿಯೋಪ್ಯಾಕೇಜ್ ಎಂಬ ಹೊಸ ಕಡತ ರೂಪ ಬಳಸಿ, ಅದರಲ್ಲಿ ಈ ತೊಂದರೆ ಇಲ್ಲ. ಚಿತ್ರ ಬರೆಯುವ ಪೈಥಾನ್ ಲೈಬ್ರರಿ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಕನ್ನಡದ ಒತ್ತಕ್ಷರಗಳು ಚದುರಿ ಬೀಳುವುದು ಹಳೇ ಕಾಯಿಲೆ, ಚಿಕ್ಕಬಳ್ಳಾಪುರವನ್ನು ಬರೆಯಿಸಿ ನೋಡಿ. ಲೆಕ್ಕವನ್ನು ಪೈಥಾನ್‌ನಲ್ಲಿ ಮಾಡಿ, ಕನ್ನಡದ ಅಕ್ಷರ ಕೂರಿಸುವುದನ್ನು ಕ್ಯೂಜಿಐಎಸ್‌ಗೋ ಬ್ರೌಸರಿಗೋ ಬಿಡುವುದು ವಾಸಿ. ನುಡಿ, ಬರಹದ ಹಳೆಯ ಫಾಂಟ್‌ಗಳಲ್ಲಿರುವ ಕೋಷ್ಟಕ ಸಿಕ್ಕಿದರೆ ಮೊದಲು ಯೂನಿಕೋಡ್‌ಗೆ ತನ್ನಿ. ಇಲ್ಲದಿದ್ದರೆ ಯಾವ ಜಾಯಿನ್ ಕೂಡ ಕೂಡುವುದಿಲ್ಲ.

ಪ್ರಶ್ನೆಗಳಲ್ಲಿ ಕೆಲವು.

ಎಐ ಕೇಳಿದರೆ ಕೋಡ್ ಬರೆದುಕೊಡುತ್ತದಲ್ಲ, ನಾವು ಕಲಿಯುವುದು ಯಾಕೆ ಎಂದು ಒಬ್ಬರು ಕೇಳಿದರು. ಬರೆದುಕೊಡುತ್ತದೆ, ಚೆನ್ನಾಗಿಯೇ ಬರೆಯುತ್ತದೆ. ನಾನೂ ಬಳಸುತ್ತೇನೆ. ಆದರೆ ನಾನು ಇಷ್ಟು ಹೊತ್ತು ಹೇಳಿದ ಯಾವ ತಪ್ಪೂ ಬರವಣಿಗೆಯ ತಪ್ಪಲ್ಲ. ನಿಮ್ಮ ಕಡತ ಯಾವ ವಲಯದ್ದು, ಹರಪನಹಳ್ಳಿ ಆಗ ಎಲ್ಲಿತ್ತು, ಕೆರೆಯ ಮೇಲೆ ಏನು ಬೆಳೆದಿದೆ ಎಂದು ನೀವು ಹೇಳದಿದ್ದರೆ ಅದಕ್ಕೆ ಗೊತ್ತಾಗುವುದು ಹೇಗೆ? ಕೋಡ್ ಬರೆಯಿಸಿಕೊಳ್ಳಿ. ಜೊತೆಗೆ ಮೊತ್ತ ತಾಳೆ ನೋಡುವ, ವಿಸ್ತೀರ್ಣ ತಾಳೆ ನೋಡುವ ಸಾಲುಗಳನ್ನೂ ಕೇಳಿ ಬರೆಯಿಸಿಕೊಳ್ಳಿ. ತಾಳೆ ನೋಡಬೇಕಾದ ಅಂಕಿಯನ್ನು ಮಾತ್ರ ನೀವೇ ಕೊಡಿ.

ನಕ್ಷೆ ಮಾಡಿ ಪ್ರಕಟಿಸಲು ಸರ್ಕಾರದ ಅನುಮತಿ ಬೇಕೇ? 2021ರ ಫೆಬ್ರವರಿಯಲ್ಲಿ ಬಂದ ಮಾರ್ಗಸೂಚಿಗಳ ನಂತರ ಭಾರತೀಯರಿಗೆ ಮುಂಗಡ ಅನುಮತಿಯ ಅಗತ್ಯ ಬಹುಪಾಲು ಹೋಗಿದೆ, ಕೆಲವು ಸೂಕ್ಷ್ಮ ವಿವರಗಳಿಗೆ ನಿರ್ಬಂಧ ಉಳಿದಿದೆ. ದೇಶದ ಗಡಿಯ ವಿಷಯದಲ್ಲಿ ಮಾತ್ರ ಹುಷಾರು. ಇಂಟರ್ನೆಟ್ಟಿನಲ್ಲಿ ಸಿಗುವ ಜಾಗತಿಕ ಕಡತಗಳಲ್ಲಿ ಜಮ್ಮು ಕಾಶ್ಮೀರದ ಗೆರೆ ಬೇರೆ ಥರ ಇರುತ್ತದೆ. ಪ್ರಕಟಿಸುವ ನಕ್ಷೆಗೆ ಸರ್ವೆ ಆಫ್ ಇಂಡಿಯಾದ ಗಡಿಯನ್ನೇ ಬಳಸಿ.

ಹಳೇ ಲ್ಯಾಪ್‌ಟಾಪ್ ಸಾಕೇ? ಜಿಲ್ಲೆ, ತಾಲ್ಲೂಕಿನ ಕೆಲಸಕ್ಕೆ ಧಾರಾಳ. ಹತ್ತಾರು ವರ್ಷದ ಉಪಗ್ರಹ ಚಿತ್ರ ಬೇಕಾದಾಗ ಗೂಗಲ್ ಅರ್ತ್ ಎಂಜಿನ್‌ನಂಥ ಕಡೆ ಲೆಕ್ಕವನ್ನು ಅಲ್ಲೇ ಮಾಡಿಸಿ ಉತ್ತರ ಮಾತ್ರ ತರಿಸಿಕೊಳ್ಳಬಹುದು.

ಎಲ್ಲಿಂದ ಶುರು ಮಾಡಲಿ ಎಂದು ಹಿಂದಿನ ಸಾಲಿನ ಹುಡುಗಿ ಕೇಳಿದಳು. ನಿನ್ನ ತಾಲ್ಲೂಕಿನಿಂದ. ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ಆ ತಾಲ್ಲೂಕಿನ ಊರು, ಕೆರೆ, ಶಾಲೆಗಳನ್ನು ಇಳಿಸಿಕೋ. ಕೆರೆಗಳ ವಿಸ್ತೀರ್ಣವನ್ನು ಎಕರೆಯಲ್ಲಿ ಲೆಕ್ಕ ಹಾಕಿ, ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ ಮನೆಯಲ್ಲಿ ಹಿರಿಯರಿಗೆ ಓದಿ ಹೇಳು. ಯಾವ ಕೆರೆ ಬಿಟ್ಟುಹೋಗಿದೆ, ಯಾವುದು ಯಾವುದರ ಜೊತೆ ಸೇರಿಕೊಂಡಿದೆ ಎಂದು ಅವರೇ ಹೇಳುತ್ತಾರೆ. ಆಮೇಲೆ ಕನ್ನಡದ ಹೆಸರಿಗೆ ಅಂತಲೇ ಇರುವ ಟ್ಯಾಗ್ ಎಷ್ಟು ಊರುಗಳಿಗೆ ಖಾಲಿ ಇದೆ ಎಂದು ಎಣಿಸುವ ಎರಡು ಸಾಲು ಬರೆ. ಖಾಲಿ ಇರುವುದನ್ನು ತುಂಬಲು ಯಾರ ಅಪ್ಪಣೆಯೂ ಬೇಡ, ಒಂದು ಲಾಗಿನ್ ಸಾಕು.